ಬೋಧನೆಯಲ್ಲಿ ಯಂತ್ರಸಾಧನದ ಸ್ಥಾನ

ರೇಡಿಯೋ, ದೂರದರ್ಶನ, ಕಂಪ್ಯೂಟರು ಎಂಬ ಸಾಧನಗಳು ಒಂದರ ಹಿಂದೊಂದಾಗಿ ಪಾಠಶಾಲೆಗಳನ್ನು ಪ್ರವೇಶಿಸಿರುವುವು. ಇವುಗಳಿಂದ ವಿದ್ಯಾಭಿವೃದ್ಧಿಯಾಗುವುದೇ ಎಂಬ ವಿಷಯದಲ್ಲಿ ಶಿಕ್ಷಣಶಾಸ್ತ್ರಜ್ಞರೊಳಗೆ ನಡೆದ ವಾದವನ್ನು ನಮ್ಮ ಶಾಸ್ತ್ರಗಳ ಅಧಿಕರಣಕ್ರಮದಲ್ಲಿ ಸಂಗ್ರಹಿಸುವುದು ಪ್ರಕೃತ ಲೇಖನದ ಉದ್ದೇಶ.

ಸಂಶಯವಿದು: ವಿದ್ಯಾಪ್ರಾಪ್ತಿಗೆ ಕಾರಣವಾದುದು ಸಾಧನವೋ, ಸಾಧನದ ಮೂಲಕ ನಡೆಯುವ ಬೋಧನಕ್ರಮವೋ?

ಸಾಧನವೇ ಕಾರಣವೆಂಬುದು ಪೂರ್ವಪಕ್ಷ. ಯಂತ್ರಗಳನ್ನು ಒದಗಿಸಿದೊಡನೆ ಕರ್ತವ್ಯವು ಮುಗಿಯಿತೆಂದು ತಿಳಿಯುವವರೆಲ್ಲರೂ ಈ ಪಕ್ಷದವರೇ. ಅಮೆರಿಕೆಯ ರಿಚರ್ಡ್ ಕ್ಲಾರ್ಕ್ ಎಂಬವರು ೧೯೮೩ರಲ್ಲಿ ಇದನ್ನು ಖಂಡಿಸಿದರು. ಅವರ ಮತದಲ್ಲಿ ಸಾಧನವು ದಿನಸಿಯನ್ನು ತರುವ ಗಾಡಿಯಂತೆ. ದೇಹಪುಷ್ಟಿಗೆ ಕಾರಣವು ಆಹಾರವೇ ಹೊರತು ಗಾಡಿಯಲ್ಲ. ಹಿಂದಿನ ಪ್ರಯೋಗಗಳಲ್ಲಿ ಯಂತ್ರಕ್ಕೆ ಆರೋಪಿಸಿದ ಲಾಭವು ಪಾಠಕ್ರಮದ ಭೇದದಿಂದಲೂ ಹೊಸತನದ ಕುತೂಹಲದಿಂದಲೂ ಬಂದುದೆಂದು ಅವರು ವಾದಿಸಿದರು. ರಾಬರ್ಟ್ ಕೊಜ್ಮಾ ಎಂಬವರು ೧೯೯೪ರಲ್ಲಿ ಇದನ್ನು ಆಕ್ಷೇಪಿಸಿದರು. ವಸ್ತುವಿನ ಚಲನೆಯನ್ನು ವಿದ್ಯಾರ್ಥಿಯೇ ಪರದೆಯ ಮೇಲೆ ನಡೆಸಿ ನೋಡುವಂತಹ ಪಾಠವು ಅಚ್ಚಿನ ಪುಟದಲ್ಲಿ ಸಾಧ್ಯವಿಲ್ಲ. ಆದಕಾರಣ ಕ್ರಮವನ್ನು ಸಾಧನದಿಂದ ಪ್ರತ್ಯೇಕಿಸಲಾಗದೆಂಬುದು ಅವರ ಅಭಿಪ್ರಾಯದ ಸಾರ.

ಈ ಪಕ್ಷಗಳ ಬಲಾಬಲವನ್ನು ಅಳೆಯಲು ವಡೋದರದಲ್ಲಿ ನಡೆದ ಪ್ರಯೋಗವು ನೆರವಾಗುವುದು. ೨೦೦೦ರಲ್ಲಿ ಸರ್ಕಾರವು ಅಲ್ಲಿಯ ೧೦೦ ನಗರಪಾಲಿಕೆಯ ಶಾಲೆಗಳಿಗೆ ತಲಾ ನಾಲ್ಕು ಕಂಪ್ಯೂಟರುಗಳನ್ನು ಕೊಟ್ಟಿತು. ೨೦೦೨ರಲ್ಲಿ ವಿಚಾರಿಸಿದಾಗ ಅವುಗಳಲ್ಲಿ ಬಹುಪಾಲು ಸುಮ್ಮನೆ ಬಿದ್ದಿದ್ದುವು. ಬಳಿಕ ಪ್ರಥಮ್ ಸಂಸ್ಥೆಯವರು ನಾಲ್ಕನೆಯ ತರಗತಿಯ ಮಕ್ಕಳನ್ನು ಯಂತ್ರವೊಂದಕ್ಕೆ ಇಬ್ಬರಂತೆ ಕುಳ್ಳಿರಿಸಿ, ವಾರಕ್ಕೆ ಎರಡು ಗಂಟೆ ಗಣಿತದ ಆಟಗಳನ್ನು ಆಡಿಸಿದರು. ಮಗುವಿನ ಉತ್ತರವನ್ನನುಸರಿಸಿ ಮುಂದಿನ ಪ್ರಶ್ನೆಯು ಸುಲಭವಾಗಿಯೋ ಕಠಿನವಾಗಿಯೋ ಬರುತ್ತಿತ್ತು. ಅಭಿಜಿತ್ ಬ್ಯಾನರ್ಜಿ ಮೊದಲಾದವರು ೨೦೦೭ರಲ್ಲಿ ಪ್ರಕಟಿಸಿದ ಪ್ರಬಂಧದಂತೆ, ಎರಡನೆಯ ವರ್ಷದ ಕೊನೆಗೆ ಗಣಿತದ ಅಂಕಗಳು ೦.೪೭ ಮಾನಕ ವಿಚಲನೆಯಷ್ಟು ಏರಿದ್ದುವು. ಕ್ರಮವು ನಿಂತು ಒಂದು ವರ್ಷವಾಗುವಷ್ಟರಲ್ಲಿ ಆ ಲಾಭವು ಸುಮಾರು ೦.೧ಕ್ಕೆ ಇಳಿದಿತ್ತು.

ಯಂತ್ರವಿದ್ದೂ ಫಲವಿಲ್ಲದ ಕಾಲವಿದ್ದುದರಿಂದ ಪೂರ್ವಪಕ್ಷಕ್ಕೆ ಅನ್ವಯವ್ಯಭಿಚಾರ ದೋಷವು ತಟ್ಟುವುದು. ಹಾಗೆಂದು ಯಂತ್ರವು ನಿಷ್ಪ್ರಯೋಜಕವೂ ಅಲ್ಲ. ನಾನು ಬಾಲ್ಯದಲ್ಲಿ ಓದಿದ ಪಾಠಶಾಲೆಯಲ್ಲಿ ಹಿಂದಿನ ಪಾಠವನ್ನು ಒಪ್ಪಿಸಿದ ಹೊರತು ಗುರುಗಳು ಹೊಸ ಪಾಠವನ್ನು ಹೇಳುತ್ತಿರಲಿಲ್ಲ. ಐದಾರು ಮಂದಿ ಶಿಷ್ಯರಿದ್ದಲ್ಲಿ ಅದು ಸಾಧ್ಯ. ಐವತ್ತು ಮಂದಿ ತುಂಬಿದ ತರಗತಿಯಲ್ಲಿ ಒಬ್ಬ ಉಪಾಧ್ಯಾಯರಿಗೆ ದುಷ್ಕರ. ಆ ಅಧಿಕಾರಿಭೇದವನ್ನು ಗಮನಿಸುವ ಕೆಲಸದಲ್ಲಿಯೇ ವಡೋದರದ ಯಂತ್ರವು ನೆರವಾದುದು. ಕೊಜ್ಮಾ ಅವರ ಆಕ್ಷೇಪದಲ್ಲಿ ಗ್ರಾಹ್ಯವಾದ ಅಂಶವೂ ಇದೇ.

ಆದಕಾರಣ ಸಿದ್ಧಾಂತವಿದು: ಯಂತ್ರವು ಕರಣ, ಕರ್ತೃವಲ್ಲ. ವೈಯಾಕರಣರ ಮತದಲ್ಲಿ ಸ್ವಾತಂತ್ರ್ಯವಿರುವುದು ಕರ್ತೃವಿಗೆ. ಕೊಡಲಿಯು ಎಷ್ಟೇ ಹರಿತವಾಗಿದ್ದರೂ ತಾನಾಗಿ ಮರವನ್ನು ಕಡಿಯದು. ಶಾಲೆಗೆ ಹೊಸ ಸಾಧನವೊಂದು ಬಂದಾಗ ಅದರ ಬೆಲೆಯನ್ನು ವಿಚಾರಿಸುವುದಕ್ಕೆ ಮುಂಚೆ, ಯಾವ ಮಗುವಿನ ಯಾವ ತಪ್ಪನ್ನು ಯಾವ ಕ್ರಮದಿಂದ ಇದು ತಿದ್ದುವುದೆಂದು ಉಪಾಧ್ಯಾಯರು ಕೇಳಬೇಕು. ಉತ್ತರವು ದೊರೆಯದಿದ್ದಲ್ಲಿ ಆ ದ್ರವ್ಯವನ್ನು ಬೋಧಕರಿಗಾಗಿ ವಿನಿಯೋಗಿಸುವುದೇ ಯುಕ್ತವು.