ಅಂತರಜಾಲದ ಅಪರಾಧಗಳೂ ಆಪಾದಿತನ ರಕ್ಷಣೆಯೂ

ಗಣಕಯಂತ್ರ, ಮೊಬೈಲುಗಳ ಮೂಲಕ ನಡೆಯುವ ಅಪರಾಧಗಳ ವಿಷಯವಾಗಿ ನಮ್ಮ ಜನರಲ್ಲಿ ಈಚೆಗೆ ಸಾಕಷ್ಟು ಎಚ್ಚರ ಮೂಡಿದೆ. ಹಣ ಕಳೆದುಕೊಂಡವರು ಏನು ಮಾಡಬೇಕೆಂಬುದನ್ನು ಪತ್ರಿಕೆಗಳೂ ಬ್ಯಾಂಕುಗಳೂ ಬಿಡದೆ ಹೇಳುತ್ತಿವೆ. ಆದರೆ ಅಂಥ ಅಪರಾಧದ ಆರೋಪವೇ ಒಬ್ಬನ ಮೇಲೆ ಬಂದರೆ ಅವನ ಗತಿಯೇನು, ನ್ಯಾಯಾಲಯದಲ್ಲಿ ಅವನ ಪರವಾಗಿ ಹೇಳಬಹುದಾದುದೇನು ಎಂಬ ವಿಚಾರವನ್ನು ಎತ್ತಿದವರು ಕಡಿಮೆ. ಅದನ್ನು ಸ್ಥೂಲವಾಗಿ ವಿವರಿಸುವುದು ಈ ಲೇಖನದ ಉದ್ದೇಶ. ಇದು ಅಪರಾಧಿಗಳ ಪಕ್ಷಪಾತವಲ್ಲ; ಪುರಾವೆಯನ್ನು ಒರೆಗೆ ಹಚ್ಚದೆ ಅಪರಾಧಿ ಯಾರೆಂಬುದೇ ಗೊತ್ತಾಗುವುದಿಲ್ಲ.

೨೦೦೭ನೆಯ ಇಸವಿಯಲ್ಲಿ ನಡೆದ ಒಂದು ಪ್ರಸಂಗ ಇದಕ್ಕೆ ನಿದರ್ಶನ. ಶಿವಾಜಿ ಮಹಾರಾಜರನ್ನು ಅವಮಾನಿಸುವ ಚಿತ್ರವನ್ನು ಅಂತರಜಾಲದಲ್ಲಿ ಪ್ರಕಟಿಸಿದನೆಂಬ ಆರೋಪದ ಮೇಲೆ ಪುಣೆಯ ಪೊಲೀಸರು ಬೆಂಗಳೂರಿನ ಒಬ್ಬ ತರುಣ ತಂತ್ರಜ್ಞನನ್ನು ದಸ್ತಗಿರಿ ಮಾಡಿ ಕರೆದೊಯ್ದರು. ಸಂಪರ್ಕ ಒದಗಿಸುವ ಸಂಸ್ಥೆಯು ಕೊಟ್ಟ ಮಾಹಿತಿಯೇ ಅದಕ್ಕೆ ಆಧಾರ. ಆ ಮಾಹಿತಿ ತಪ್ಪೆಂದೂ, ಚಿತ್ರ ಹೊರಟ ಸಂಪರ್ಕ ಅವನದಲ್ಲವೆಂದೂ ತಿಳಿದುಬರುವ ಹೊತ್ತಿಗೆ ಅವನು ಸುಮಾರು ೫೦ ದಿನ ಸೆರೆಮನೆಯಲ್ಲಿ ಕಳೆದಿದ್ದನು. ಅಂಕಿಗಳ ಒಂದು ಸಾಲನ್ನು ಪ್ರಶ್ನಿಸದೆ ನಂಬಿದುದರ ಫಲವಿದು.

ಈ ಅಪರಾಧಗಳಿಗೆ ಮುಖ್ಯವಾದ ಶಾಸನ ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆ. ೨೦೦೮ರಲ್ಲಿ ಅದಕ್ಕೆ ಮಹತ್ತ್ವದ ತಿದ್ದುಪಡಿಯಾಯಿತು. ಅದರ ೬೬ನೆಯ ಕಲಮಿನಂತೆ, ಅನುಮತಿಯಿಲ್ಲದೆ ಇನ್ನೊಬ್ಬರ ಗಣಕವನ್ನು ಹೊಕ್ಕುದಷ್ಟೇ ಅಪರಾಧವಾಗದು. ಅಪ್ರಾಮಾಣಿಕತೆಯಿಂದಲೋ ವಂಚನೆಯ ಬುದ್ಧಿಯಿಂದಲೋ ಹೊಕ್ಕಿರಬೇಕು. ಪರರ ಗುಪ್ತಪದವನ್ನು ದುರುಪಯೋಗಪಡಿಸುವುದಕ್ಕೂ (೬೬-ಸಿ), ಪರವೇಷದಿಂದ ಮೋಸ ಮಾಡುವುದಕ್ಕೂ (೬೬-ಡಿ) ೩ ವರ್ಷಗಳವರೆಗೆ ಸೆರೆವಾಸ, ೧ ಲಕ್ಷ ರೂಪಾಯಿಗಳವರೆಗೆ ದಂಡ ಉಂಟು. ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನ ಅಧಿಕಾರಿ ಈ ಕಾಯಿದೆಯ ಅಪರಾಧಗಳ ತನಿಖೆ ನಡೆಸತಕ್ಕದ್ದಲ್ಲ. ಆದುದರಿಂದ ಹಚ್ಚಿರುವ ಕಲಮು ಯಾವುದು, ತನಿಖೆ ನಡೆಸಿದವರು ಯಾರು, ಕೃತ್ಯದ ಹಿಂದಿನ ಬುದ್ಧಿ ಎಂಥದು ಎಂಬ ಮೂರನ್ನೂ ನ್ಯಾಯವಾದಿಯು ಮೊದಲೇ ವಿಚಾರಿಸಬೇಕು. ಕಲಮು ಜೀವಂತವಾಗಿದೆಯೆ ಎಂಬುದನ್ನೂ ನೋಡಬೇಕಾದ ಸಂದರ್ಭಗಳುಂಟು. ೬೬-ಎ ಕಲಮನ್ನು ಸರ್ವೋಚ್ಚ ನ್ಯಾಯಾಲಯವು ೨೦೧೫ರ ಮಾರ್ಚಿಯಲ್ಲಿ ಸಂವಿಧಾನವಿರುದ್ಧವೆಂದು ರದ್ದುಪಡಿಸಿತು. ಆ ಬಳಿಕವೂ ಅದರಡಿಯಲ್ಲಿ ಮೊಕದ್ದಮೆಗಳು ನಡೆಯುತ್ತಲೇ ಇದ್ದುದರಿಂದ, ಅವನ್ನು ನಿಲ್ಲಿಸಬೇಕೆಂದು ೨೦೨೨ರಲ್ಲಿ ಅದೇ ನ್ಯಾಯಾಲಯವು ಮತ್ತೆ ಆಜ್ಞಾಪಿಸಬೇಕಾಯಿತು!

ಇನ್ನು ಪುರಾವೆಯ ಮಾತು. ರಕ್ಷಣೆಯ ತಿರುಳು ಇಲ್ಲಿಯೇ ಇದೆ. ಅಂತರಜಾಲದ ವಿಳಾಸದಿಂದ ಸಂಪರ್ಕಕ್ಕೆ, ಸಂಪರ್ಕದಿಂದ ಉಪಕರಣಕ್ಕೆ, ಉಪಕರಣದಿಂದ ಅದನ್ನು ಬಳಸಿದ ಕೈಗೆ, ಹೀಗೆ ಕೊಂಡಿಗೆ ಕೊಂಡಿ ಸೇರಿ ಪುರಾವೆಯ ಸರಪಳಿಯಾಗುತ್ತದೆ. ಪ್ರತಿಯೊಂದು ಕೊಂಡಿಯನ್ನೂ ಅಭಿಯೋಗ ಪಕ್ಷವೇ ರುಜುಪಡಿಸಬೇಕು. ವಿಳಾಸವು ಮನೆಯ ಸಂಖ್ಯೆಯಂತೆ ಸ್ಥಿರವಾದುದಲ್ಲ. ಈಗ ಒಬ್ಬನಿಗೆ ಕೊಟ್ಟುದನ್ನು ಇನ್ನೊಂದು ಗಳಿಗೆಯಲ್ಲಿ ಮತ್ತೊಬ್ಬನಿಗೆ ಕೊಡುವುದುಂಟು. ಏಕಕಾಲದಲ್ಲಿ ಅನೇಕರು ಒಂದೇ ವಿಳಾಸವನ್ನು ಹಂಚಿಕೊಳ್ಳುವುದೂ ಉಂಟು. ಕೆಲವು ದಾಖಲೆಗಳು ಗ್ರೀನಿಚ್ ಕಾಲವನ್ನು ತೋರಿಸುತ್ತವೆ. ಅದಕ್ಕೂ ನಮ್ಮ ಗಡಿಯಾರಕ್ಕೂ ೫ ಗಂಟೆ ೩೦ ನಿಮಿಷಗಳ ಅಂತರ. ಅದನ್ನು ಮರೆತರೆ ಬೇರೊಬ್ಬನ ಹೆಸರು ಹೊರಬೀಳುತ್ತದೆ. ಹೆಸರು ಸರಿಯಾಗಿಯೇ ಇದ್ದರೂ, ಒಂದೇ ಸಂಪರ್ಕವನ್ನು ಮನೆಮಂದಿಯೆಲ್ಲ ಬಳಸುತ್ತಾರೆ. ಯಂತ್ರವನ್ನು ಗುರುತಿಸಿದೊಡನೆ ಮನುಷ್ಯನನ್ನು ಗುರುತಿಸಿದಂತಾಯಿತೆ?

ಬ್ಯಾಂಕಿನ ಖಾತೆಗಳಿಗೂ ಇದೇ ನ್ಯಾಯ. ವಂಚನೆಯ ಹಣ ಒಬ್ಬನ ಖಾತೆಯ ಮೂಲಕ ಹಾದುಹೋದುದರಿಂದಲೇ ಅವನು ವಂಚಕನಾಗುವುದಿಲ್ಲ. ಅವನಿಗೆ ಅದರ ಅರಿವಿತ್ತೆಂಬುದನ್ನು ತೋರಿಸಬೇಕು. ಆದರೆ ಕಮಿಷನ್ನಿನ ಆಸೆಗೆ ಖಾತೆಯನ್ನೇ ಪರರ ಕೈಗೊಪ್ಪಿಸಿದವನು ತಾನೇನೂ ಅರಿಯೆನೆಂದರೆ ನ್ಯಾಯಾಲಯ ಸುಲಭವಾಗಿ ನಂಬಲಾರದು.

ವಿದ್ಯುನ್ಮಾನ ದಾಖಲೆಯ ಪ್ರತಿಯನ್ನು ಸುಮ್ಮನೆ ಮುದ್ರಿಸಿ ತಂದರೆ ಸಾಕ್ಷ್ಯವಾಗದು. ಅದರೊಡನೆ ಕಾಯಿದೆ ಹೇಳುವ ಪ್ರಮಾಣಪತ್ರ ಇರಲೇಬೇಕೆಂದು ಸರ್ವೋಚ್ಚ ನ್ಯಾಯಾಲಯವು ೨೦೧೪ರಲ್ಲಿ ತೀರ್ಮಾನಿಸಿತು. ೨೦೨೦ರಲ್ಲಿ ಅದನ್ನೇ ಎತ್ತಿಹಿಡಿಯಿತು. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ೬೩ನೆಯ ಕಲಮಿನಂತೆ ಪ್ರಮಾಣಪತ್ರಕ್ಕೆ ಉಪಕರಣದ ಹೊಣೆ ಹೊತ್ತವರಲ್ಲದೆ ತಜ್ಞರೂ ಸಹಿ ಹಾಕಬೇಕು; ದಾಖಲೆಯ 'ಹ್ಯಾಶ್' ಅಂಕಿಯನ್ನೂ ನಮೂದಿಸಬೇಕು. ಈ ಅಂಕಿ ದಾಖಲೆಯ ಹೆಬ್ಬೆರಳಿನ ಗುರುತಿದ್ದಂತೆ. ಒಳಗೆ ಒಂದಕ್ಷರ ಬದಲಾದರೂ ಅದು ಬದಲಾಗುತ್ತದೆ. ಮೊಬೈಲನ್ನು ವಶಪಡಿಸಿಕೊಂಡ ದಿನದ ಅಂಕಿಯೂ ಪರೀಕ್ಷಾಲಯದಲ್ಲಿ ಕಂಡ ಅಂಕಿಯೂ ಹೊಂದದಿದ್ದರೆ, ನಡುವೆ ಅದು ಯಾರ ಕೈಯಲ್ಲಿತ್ತೆಂದು ಕೇಳುವ ಹಕ್ಕು ಆಪಾದಿತನಿಗಿದೆ.

ಗುಪ್ತಪದವನ್ನು ಹೇಳೆಂದು ಪೊಲೀಸರು ಬಲವಂತಪಡಿಸಬಹುದೆ? ಅದನ್ನು ತಿಳಿಸಿದ ಮಾತ್ರಕ್ಕೆ ತನ್ನ ವಿರುದ್ಧ ತಾನೇ ಸಾಕ್ಷಿ ನುಡಿದಂತಾಗುವುದಿಲ್ಲ, ಆದರೆ ಶೋಧನೆಗೆ ಕ್ರಮಬದ್ಧವಾದ ಆಜ್ಞೆ ಬೇಕು ಎಂಬುದು ೨೦೨೧ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯ ಕೊಟ್ಟ ಉತ್ತರ. ೨೦೨೨ರಲ್ಲಿ ದೆಹಲಿಯ ಒಂದು ವಿಶೇಷ ನ್ಯಾಯಾಲಯವು, ಗುಪ್ತಪದ ಮನಸ್ಸಿನೊಳಗಿನ ಅರಿವಾದುದರಿಂದ ಸಂವಿಧಾನದ ೨೦(೩)ನೆಯ ಅನುಚ್ಛೇದ ಅದನ್ನು ಕಾಯುತ್ತದೆಂದು ಹೇಳಿತು. ಆದುದರಿಂದ ವಕೀಲರನ್ನು ಕಾಣುವ ಮುನ್ನ ಈ ವಿಷಯದಲ್ಲಿ ಆತುರಪಡಬಾರದು. ಹೆದರಿ ದಾಖಲೆಗಳನ್ನು ಅಳಿಸಿಹಾಕುವುದಂತೂ ಆತ್ಮಘಾತ. ನಿರ್ದೋಷಿಯಾದವನಿಗೆ ಅವೇ ಸಾಕ್ಷಿಗಳು.

ಹೊರನಾಡಿನಲ್ಲಿರುವ ನಮಗೆ ಇನ್ನೊಂದು ಸಂಗತಿ ಮುಖ್ಯ. ಅಂತರಜಾಲಕ್ಕೆ ಪ್ರಾಂತದ ಗಡಿಯಿಲ್ಲ. ದೂರು ಒಂದು ರಾಜ್ಯದಲ್ಲಿ, ದಸ್ತಗಿರಿ ಇನ್ನೊಂದರಲ್ಲಿ ಆಗುತ್ತದೆ. ಹಿಡಿದವನನ್ನು ಪ್ರಯಾಣದ ಕಾಲ ಬಿಟ್ಟು ೨೪ ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ೩ ವರ್ಷಗಳವರೆಗೆ ಮಾತ್ರ ಶಿಕ್ಷೆಯುಳ್ಳ ಈ ಕಾಯಿದೆಯ ಅಪರಾಧಗಳಲ್ಲಿ ಜಾಮೀನು ಹಕ್ಕಿನಿಂದಲೇ ದೊರೆಯತಕ್ಕದ್ದು. ಆದರೆ ೭ ವರ್ಷಗಳವರೆಗೆ ಶಿಕ್ಷೆಯುಳ್ಳ, ನ್ಯಾಯ ಸಂಹಿತೆಯ ವಂಚನೆಯ ಕಲಮನ್ನೂ ಸೇರಿಸಿದರೆ ಆ ಹಕ್ಕು ಉಳಿಯುವುದಿಲ್ಲ. ದಸ್ತಗಿರಿಯ ಕಾರಣಗಳನ್ನು ಆತನಿಗೆ ತಿಳಿಯುವ ಭಾಷೆಯಲ್ಲಿ, ಬರಹದಲ್ಲಿ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು ೨೦೨೫ರ ನವೆಂಬರಿನಲ್ಲಿ ವಿಧಿಸಿದೆ. ಕನ್ನಡವನ್ನಷ್ಟೇ ಬಲ್ಲವನಿಗೆ ಮರಾಠಿಯ ಇಲ್ಲವೆ ತಮಿಳಿನ ಕಾಗದವೊಂದನ್ನು ಕೊಟ್ಟರೆ ಸಾಲದು. ಬಂಧನದಲ್ಲಿರುವವನಿಗೆ, ಆದಾಯವೆಷ್ಟೇ ಇರಲಿ, ೧೯೮೭ರ ಕಾಯಿದೆಯಂತೆ ಉಚಿತವಾಗಿ ವಕೀಲರ ನೆರವೂ ಲಭ್ಯ.

ಹಕ್ಕು ಕಾಯಿದೆಯಲ್ಲಿದ್ದರೆ ಸಾಲದು, ಅದನ್ನು ಸಮಯಕ್ಕೆ ನೆನಪಿಸುವವರು ಬೇಕು. ಪರಊರಿನ ಠಾಣೆಯಲ್ಲಿ ಭಾಷೆ ತಿಳಿಯದೆ ನಿಂತ ತರುಣನ ಬಳಿಗೆ ಒಬ್ಬ ವಕೀಲರನ್ನೂ, ಅವನ ಮಾತನ್ನು ಅವರಿಗೆ ತಿಳಿಯಹೇಳುವ ಒಬ್ಬ ಕನ್ನಡಿಗನನ್ನೂ ಮೊದಲ ದಿನವೇ ಕಳುಹಿಸಿಕೊಡುವುದು ನಮ್ಮಂಥ ಸಂಘಗಳಿಂದ ಆಗದ ಕೆಲಸವಲ್ಲ.