ಚಿತ್ರಕಥೆಗಳ ಅನಂತ ಪೈ

ಕಳಸದಿಂದ ಕುದುರೆಮುಖದ ಮಾರ್ಗವಾಗಿ ಘಟ್ಟವನ್ನಿಳಿದರೆ ಸಿಗುವ ಕಾರ್ಕಳವು ಗೊಮ್ಮಟನ ಊರೆಂಬುದನ್ನು ನಮ್ಮ ಮಲೆನಾಡಿಗರೆಲ್ಲರೂ ಬಲ್ಲರು. ಭಾರತದ ಪುರಾಣಗಳನ್ನು ಚಿತ್ರರೂಪದಲ್ಲಿ ಮಕ್ಕಳ ಕೈಗಿತ್ತ ಅನಂತ ಪೈಯವರ ಜನ್ಮಸ್ಥಳವೂ ಅದೇ ಎಂಬುದನ್ನು ಬಲ್ಲವರು ವಿರಳ. 1929ರಲ್ಲಿ ಜನಿಸಿದ ಅವರು ಶೈಶವದಲ್ಲಿಯೇ ಮಾತಾಪಿತೃಗಳನ್ನು ಕಳೆದುಕೊಂಡು, ಹನ್ನೆರಡರ ಪ್ರಾಯದಲ್ಲಿ ಮುಂಬಯಿಯನ್ನು ಸೇರಿದರು. ಅಲ್ಲಿ ರಸಾಯನಶಾಸ್ತ್ರವನ್ನು ವ್ಯಾಸಂಗ ಮಾಡಿದರೂ ಅವರ ಮನಸ್ಸು ನೆಲಸಿದುದು ಪುಸ್ತಕ ಪ್ರಕಾಶನದಲ್ಲಿ.

1967ರಲ್ಲಿ ದೆಹಲಿಯ ದೂರದರ್ಶನದಲ್ಲಿ ನಡೆದ ಪ್ರಶ್ನೋತ್ತರ ಸ್ಪರ್ಧೆಯೊಂದನ್ನು ಅವರು ನೋಡಿದರು. ಗ್ರೀಕ್ ಪುರಾಣದ ಪ್ರಶ್ನೆಗೆ ಒಡನೆಯೇ ಉತ್ತರವಿತ್ತ ಬಾಲಕರು ಶ್ರೀರಾಮನ ತಾಯಿಯ ಹೆಸರನ್ನು ಹೇಳಲಾರದೆ ಹೋದರಂತೆ. ಆ ವ್ಯಥೆಯೇ 'ಅಮರ ಚಿತ್ರ ಕಥಾ' ಮಾಲೆಗೆ ಪ್ರೇರಣೆಯೆಂದು ಅವರು ಹೇಳುತ್ತಿದ್ದರು. ಮಾಲೆಯ ಮೊದಲ ಹತ್ತು ಪುಸ್ತಕಗಳು ಪಾಶ್ಚಾತ್ಯ ಕಥೆಗಳಾಗಿದ್ದು, ಹನ್ನೊಂದನೆಯದಾಗಿ 'ಕೃಷ್ಣ' ಬಂದನು. 1980ರಲ್ಲಿ 'ಟಿಂಕಲ್' ಪತ್ರಿಕೆಯೂ ಹೊರಟಿತು. 2011ರಲ್ಲಿ ತೀರಿಕೊಳ್ಳುವವರೆಗೂ ಅವರು ಮಕ್ಕಳ ಪಾಲಿಗೆ 'ಅಂಕಲ್ ಪೈ' ಆಗಿದ್ದರು.

ಈ ಪುಸ್ತಕಗಳ ಆಕರ್ಷಣೆಗೆ ಕಾರಣವು ಸರಳವಾದುದು. ಅಕ್ಷರ ಕೂಡಿಸಿ ಓದುವ ಮಗುವಿಗೆ ಕಥೆಯ ಅರ್ಧ ಭಾಗವನ್ನು ಚಿತ್ರವೇ ಹೇಳಿಬಿಡುತ್ತದೆ. ಉಳಿದರ್ಧವನ್ನು ಅರಿಯುವ ಆಸೆಯಿಂದ ಅದು ಓದಲು ತೊಡಗುತ್ತದೆ. ಆಷಾಢದ ಮಳೆ ಹಿಡಿದು ಅಂಗಳಕ್ಕಿಳಿಯಲಾಗದ ದಿನಗಳಲ್ಲಿ ನಮ್ಮ ಕಡೆಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಸಂಗಾತಿ ಬೇಕೆ?

ಆದರೆ ಗುಣದೊಡನೆ ದೋಷವನ್ನೂ ಹೇಳುವುದು ವಿಮರ್ಶಕನ ಧರ್ಮ. ಈ ಮಾಲೆಯ ಅನೇಕ ಚಿತ್ರಗಳಲ್ಲಿ ಅಸುರರು ಕಪ್ಪಾಗಿಯೂ ನಾಯಕರು ಬೆಳ್ಳಗೂ ಇರುವರೆಂದು ವಿದ್ವಾಂಸರು ಆಕ್ಷೇಪಿಸಿರುವರು. ಇದು ಅಲ್ಪ ವಿಷಯವಲ್ಲ. ಬಿಸಿಲುಮಳೆಗಳಲ್ಲಿ ಕಾಫಿಹಣ್ಣು ಕೊಯ್ಯುವ ತಾಯಿಯ ಮೈಬಣ್ಣವನ್ನು ಮಗುವು ರಾಕ್ಷಸನ ಮುಖದಲ್ಲಿ ಕಂಡರೆ, ಅದು ತನ್ನ ಹೆತ್ತವಳ ವಿಷಯದಲ್ಲಿ ಏನೆಂದುಕೊಂಡೀತು? ಚಿತ್ರವು ಮಾತಿಗಿಂತ ಆಳವಾಗಿ ನಾಟುವುದರಿಂದಲೇ ಈ ಚಿಂತೆ.

ಹಾಗೆಂದು ಪುಸ್ತಕವನ್ನು ಕಸಿದುಕೊಳ್ಳುವುದು ಉಚಿತವಲ್ಲ. ಪರಿಹಾರವು ನಮ್ಮ ಗ್ರಂಥಗಳಲ್ಲಿಯೇ ಇದೆ. 'ಕೃಷ್ಣ' ಶಬ್ದಕ್ಕೆ ಕಪ್ಪೆಂದೇ ಅರ್ಥ. ಭಾರತವನ್ನು ರಚಿಸಿದ ವ್ಯಾಸರು ಕೃಷ್ಣದ್ವೈಪಾಯನರು. ಅದರ ನಾಯಿಕೆಯಾದ ದ್ರೌಪದಿಯು 'ಕೃಷ್ಣಾ'. ಹೇಳಿದವರೂ ಕಪ್ಪು, ನಾಯಿಕೆಯೂ ಕಪ್ಪು, ಗೀತೆಯನ್ನು ಬೋಧಿಸಿದ ಭಗವಂತನೂ ಕಪ್ಪು!

ಆದುದರಿಂದ ಗೃಹಸ್ಥರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಪುಸ್ತಕವನ್ನು ಕೊಂಡು ಕೊಟ್ಟು ಸುಮ್ಮನಾಗಬೇಡಿರಿ. ಅಜ್ಜನೋ ಅಜ್ಜಿಯೋ ಮಗುವಿನ ಪಕ್ಕದಲ್ಲಿ ಕುಳಿತು, ಆ ಪುಟಗಳಲ್ಲಿ ಇಲ್ಲದ ಮಾತನ್ನು ಕೂಡಿಸಿ ಹೇಳಲಿ. ರಾಮನ ತಾಯಿಯ ಹೆಸರನ್ನು ಮಕ್ಕಳು ಅರಿಯಲೆಂದು ಪೈಯವರು ಶ್ರಮಿಸಿದರು. ತಮ್ಮ ತಾಯಿಯ ಬಣ್ಣಕ್ಕೆ ಅವರು ನಾಚದಂತೆ ನೋಡಿಕೊಳ್ಳುವ ಹೊಣೆ ನಮ್ಮದು.