ನಿಮಗಿದು ಗೊತ್ತೆ? ಸೌರಫಲಕದ ಧೂಳು ಕೊಡವಲು ನೀರೇ ಬೇಕಿಲ್ಲ!
ಫಲಕದ ಮೇಲೆ ಧೂಳು ಕೂತಷ್ಟೂ ವಿದ್ಯುತ್ ಉತ್ಪಾದನೆ ಇಳಿಯುತ್ತದೆ. ಸುಮಾರು 13,000 ಎಕರೆಯಲ್ಲಿ ಹರಡಿರುವ ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕ್ ಇರುವುದು ಬರದ ಸೀಮೆಯಲ್ಲಿ. ಅಲ್ಲಿ ಫಲಕ ತೊಳೆಯುವ ಒಂದೊಂದು ಕೊಡ ನೀರೂ ಅಮೂಲ್ಯ. 2022ರಲ್ಲಿ ಅಮೆರಿಕದ ಎಂಐಟಿಯ ಶ್ರೀದತ್ ಪನತ್ ಮತ್ತು ಕೃಪಾ ವಾರಣಾಸಿ ಹೊಸ ದಾರಿ ತೋರಿಸಿದರು. ಫಲಕದ ಮೇಲೆ ವಿದ್ಯುದ್ವಾರವೊಂದು ಹಾದುಹೋದರೆ ಧೂಳಿನ ಕಣಗಳು ವಿದ್ಯುದಾವೇಶ ಪಡೆದು ತಾವೇ ಚಿಮ್ಮಿಹೋಗುತ್ತವೆ. ಗಾಳಿಯಲ್ಲಿ ಶೇ 30ರಷ್ಟಾದರೂ ತೇವ ಇರಬೇಕು, ಅಷ್ಟೇ.

ಸದ್ಯ ನೀರಿನಲ್ಲೇ ತೊಳೆಯುವುದಾದರೆ, ಹುಲಿಕೆರೆ, ಅರಸೀಕೆರೆ ಕಡೆ ಮನೆ ಚಾವಣಿಗೆ ಫಲಕ ಹಾಕಿಸಿದವರು ಬೆಳಗಿನ ಹೊತ್ತೇ ತೊಳೆಯಿರಿ. ಬಿಸಿಲಿಗೆ ಕಾದ ಗಾಜಿನ ಮೇಲೆ ತಣ್ಣೀರು ಸುರಿದರೆ ಬಿರುಕು ಬಿಡಬಹುದು. ಬೋರ್‌ವೆಲ್‌ನ ಗಡಸು ನೀರು ಒಣಗಿ ಬಿಳಿ ಕಲೆ ಉಳಿಸುತ್ತದೆ. ಹಿಡಿದಿಟ್ಟ ಮಳೆನೀರು, ಮೆತ್ತನೆ ಬಟ್ಟೆ ಸಾಕು.